ಹೆದ್ದಾರಿಯ ಆಚೆ ಈಚೆ

ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಮರಳುದಿಬ್ಬಗಳಿಗೆ ಹೋದವರು 78ನೇ ಹೆದ್ದಾರಿಯ ಎರಡೂ ಬದಿ ನೋಡಬೇಕು. ದಕ್ಷಿಣದಲ್ಲಿ ಬಗ್ಗಿಗಳ ಅಬ್ಬರ. ಮಕ್ಕಳೂ ಹೆಲ್ಮೆಟ್ ತೊಟ್ಟು ದಿಬ್ಬ ಏರಿಳಿಯುತ್ತಾರೆ. ಆ ಖುಷಿ ಕಂಡು ನನಗೂ ಖುಷಿಯಾಯಿತು. ಉತ್ತರದ್ದು 1994ರಲ್ಲಿ ಕಾನೂನು ಕಾಪಾಡಿಟ್ಟ ವನ್ಯಪ್ರದೇಶ. ಅಲ್ಲಿಗೆ ವಾಹನ ಬಿಡುವುದಿಲ್ಲ, ನಡೆದೇ ಹೋಗಬೇಕು.

ಕೊಲರಾಡೊ ನದಿ ಹೊತ್ತು ತಂದ ಮರಳಿದು. ಬತ್ತಿದ ಸರೋವರದ ದಂಡೆಯಿಂದ ಗಾಳಿ ಅದನ್ನೆತ್ತಿ ಕೆಲವೆಡೆ 300 ಅಡಿವರೆಗೂ ಪೇರಿಸಿದೆ. ಚಕ್ರದ ಗುರುತನ್ನು ಅದೇ ಗಾಳಿ ಅಳಿಸುತ್ತದೆ, ನಿಜ. ಆದರೆ ಆಳಕ್ಕೆ ಬೇರಿಳಿಸಿ ಬದುಕುವ ಪಿಯರ್ಸನ್ಸ್ ಮಿಲ್ಕ್‌ವೆಚ್‌ನಂಥ ಅಪರೂಪದ ಗಿಡ ಚಕ್ರಕ್ಕೆ ಸಿಕ್ಕರೆ ಗಾಳಿ ಅದನ್ನು ಮತ್ತೆ ಚಿಗುರಿಸಲಾರದು.

ಆಟಕ್ಕೂ ಜಾಗ ಬೇಕು, ಗಿಡಕ್ಕೂ ಬೇಕು. ಎರಡನ್ನೂ ಒಪ್ಪಿ ಗೆರೆ ಎಳೆದವರ ವಿವೇಕ ನಮ್ಮ ಎಲ್ಲ ಪ್ರವಾಸಿ ತಾಣಗಳಿಗೂ ಬರಲಿ.