ಯೂರಿಯಾ ಮತ್ತು ಅವ್ವನ ಮೂರು ಪ್ರಶ್ನೆ

ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಸಾವಯವ ರಸಾಯನ ವಿಜ್ಞಾನದ ಮೊದಲ ಪಾಠ ಹೇಳುವಾಗ ಯೂರಿಯಾದ ಹೆಸರು ಬಂದೇ ಬರುತ್ತದೆ. ಜೀವಿಗಳ ದೇಹದಲ್ಲಿ ಮಾತ್ರ ತಯಾರಾಗುತ್ತದೆಂದು ಎಲ್ಲರೂ ನಂಬಿದ್ದ ಈ ವಸ್ತುವನ್ನು 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿದ. ಮಕ್ಕಳು ಇಸವಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಂದು ಅಂಕ ಗಿಟ್ಟಿಸುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ದನದ ಫೀಡಿಗೂ ಯೂರಿಯಾ ಹಾಕ್ತಾರಂತೆ. ಅದು ವಿಷ ಅಲ್ವಾ?’ ಎಂದು ಕೇಳಿದಳು. ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತ್ತು. ಆಗ ಕೇಳಿದವಳು ಓದು ಬರಹ ಬಾರದ ನಮ್ಮವ್ವ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಕಾಲುವೆ ನೀರಿನ ಎರಡು ಎಕರೆ ಗದ್ದೆ, ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಸೀಮೆಹಸು. ಗದ್ದೆಯ ಹಣ ಸಾಲಕ್ಕೆ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದದ್ದು ಡೇರಿಗೆ ಹಾಕುವ ಹಾಲಿನ ಬಟವಾಡೆಯಿಂದ. ನನ್ನ ಕಾಲೇಜಿನ ಫೀಸೂ ಬಸ್ಸಿನ ಪಾಸೂ ಆ ಹಣದಿಂದಲೇ ಬರಬೇಕಿತ್ತು. ಬೇಸಿಗೆ ಬಂತೆಂದರೆ ಹಸಿಹುಲ್ಲು ಇರುತ್ತಿರಲಿಲ್ಲ, ಕಡಲೆಕಾಯಿ ಹಿಂಡಿ ಕೈಗೆಟುಕುತ್ತಿರಲಿಲ್ಲ. ಉಳಿಯುತ್ತಿದ್ದದ್ದು ಮೆದೆಯಲ್ಲಿನ ನೆಲ್ಲುಹುಲ್ಲು ಮಾತ್ರ. ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂರೋ ನಾಲ್ಕೋ ಪಾಲು. ಹಸು ಹೊಟ್ಟೆ ತುಂಬ ತಿಂದರೂ ಬಡಕಲಾಗುತ್ತಿತ್ತು, ಹಾಲು ಇಳಿಯುತ್ತಿತ್ತು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಪಶುವೈದ್ಯರೊಬ್ಬರು ಡೇರಿಯ ಮುಂದೆ ಜನರನ್ನು ಸೇರಿಸಿ, ನೆಲ್ಲುಹುಲ್ಲಿಗೆ ಯೂರಿಯಾ ಉಪಚಾರ ಮಾಡುವ ಕ್ರಮ ತೋರಿಸಲು ಬಂದರು. ಯೂರಿಯಾ ಎಂದೊಡನೆ ಜನ ಮುಖ ಮುಖ ನೋಡಿಕೊಂಡರು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷವಷ್ಟೇ ನಮ್ಮ ಮಗ್ಗುಲು ಮನೆಯವರ ಎತ್ತೊಂದು ಸತ್ತಿತ್ತು. ಗದ್ದೆಗೆ ಎರಚಿ ಉಳಿದ ಯೂರಿಯಾ ಇದ್ದ ಬಾಂಡ್ಲಿಗೆ ಯಾರೋ ನೀರು ಸುರಿದಿಟ್ಟಿದ್ದರು. ಉಳುಮೆ ಮುಗಿಸಿ ಬಾಯಾರಿ ಬಂದ ಎತ್ತು ಅದನ್ನು ಕುಡಿಯಿತು. ಸ್ವಲ್ಪ ಹೊತ್ತಿಗೆಲ್ಲ ಮೈ ನಡುಗಿ, ಬಾಯಲ್ಲಿ ನೊರೆ ಬಂದು, ಹೊಟ್ಟೆ ಉಬ್ಬರಿಸಿ ನೆಲಕ್ಕೆ ಬಿತ್ತು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೊತೆ ಒಡೆದ ಮೇಲೆ ಉಳಿದ ಎತ್ತನ್ನೂ ಸಿಕ್ಕಿದ ಬೆಲೆಗೆ ಮಾರಿದರು. ಆ ಮನೆಯ ಹುಡುಗ ನನ್ನ ಸಹಪಾಠಿ. ಆ ವರ್ಷವೇ ಅವನು ಕಾಲೇಜು ಬಿಟ್ಟು ಕೂಲಿಗೆ ಹೋದ.

ಹೆಂಗಸರ ಗುಂಪಿನಿಂದ ಅವ್ವನೇ ಮೊದಲು ಮಾತನಾಡಿದಳು. ‘ಗದ್ದೆಗೆ ಹಾಕೋ ಗೊಬ್ರವ ದನೀಗೆ ತಿನ್ಸದಾ ಸ್ವಾಮಿ? ಆ ಎತ್ತು ಸತ್ತದ್ದ ಊರೇ ನೋಡದೆ. ಎಷ್ಟು ಹಾಕ್ಬೇಕು, ಯಾವಾಗ ಕೊಡ್ಬೇಕು, ಜೊತೇಲಿ ಏನಿರ್ಬೇಕು, ಅದ ಮೊದ್ಲು ಹೇಳಿ.’

ಡಾಕ್ಟರು ಸಿಟ್ಟಾಗಲಿಲ್ಲ. ‘ತಾಯಿ, ಇಡೀ ವಿಷಯ ನಿಮ್ಮ ಮೂರು ಪ್ರಶ್ನೆಯಲ್ಲೇ ಇದೆ’ ಎಂದರು. ಅಂದು ಅವರು ಹೇಳಿದ್ದನ್ನೂ ಮುಂದೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯೂರಿಯಾ ನೇರವಾಗಿ ಹಸುವಿಗೆ ಆಹಾರವಲ್ಲ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆಯಷ್ಟೆ. ಅವುಗಳಲ್ಲಿ ದೊಡ್ಡದು ರೂಮೆನ್. ಬೆಳೆದ ಹಸುವಿನಲ್ಲಿ ಇದು ನೂರು ಲೀಟರಿಗೂ ಹೆಚ್ಚು ಹಿಡಿಯುವ ಚೀಲ. ಅಲ್ಲಿನ ರಸದ ಒಂದೊಂದು ಮಿಲಿಲೀಟರಿನಲ್ಲೂ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅವು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಆ ಅಮೋನಿಯದ ಸಾರಜನಕವನ್ನು ಬಳಸಿ ತಮ್ಮ ದೇಹದ ಪ್ರೋಟೀನನ್ನು ಕಟ್ಟಿಕೊಳ್ಳುತ್ತವೆ. ಆಮೇಲೆ ಈ ಬ್ಯಾಕ್ಟೀರಿಯಾಗಳು ಮೇವಿನ ಜತೆ ನಾಲ್ಕನೆಯ ಕೋಣೆಗೂ ಸಣ್ಣ ಕರುಳಿಗೂ ಸಾಗಿ ಜೀರ್ಣವಾಗುತ್ತವೆ. ಹಸುವಿಗೆ ಸಿಗುವ ಪ್ರೋಟೀನ್ ಅದೇ. ನಮ್ಮ ಹೊಟ್ಟೆಯಲ್ಲಿ ಈ ಏರ್ಪಾಡು ಇಲ್ಲ. ಕುದುರೆ, ಹಂದಿ, ಕೋಳಿಗಳಿಗೂ ಇಲ್ಲ. ಆರು ತಿಂಗಳೊಳಗಿನ ಕರುವಿನಲ್ಲಿ ಅದು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಆದ್ದರಿಂದ ಇವುಗಳಿಗೆ ಯೂರಿಯಾ ಕೊಡಲೇಬಾರದು.

ಜತೆಗೆ ಏನಿರಬೇಕು ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಪ್ರೋಟೀನ್ ಕಟ್ಟಲು ಬ್ಯಾಕ್ಟೀರಿಯಾಗಳಿಗೆ ಶಕ್ತಿ ಬೇಕು. ಅದು ಬರುವುದು ಧಾನ್ಯದ ಪಿಷ್ಟದಿಂದ, ಬೆಲ್ಲ ಅಥವಾ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ, ಹುಲ್ಲಿನ ನಾರಿನಿಂದ. ಫಿನ್ಲೆಂಡಿನ ರಸಾಯನ ವಿಜ್ಞಾನಿ ವಿರ್ಟನೆನ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಮೇವಿನಲ್ಲಿ ಪ್ರೋಟೀನನ್ನೇ ಕೊಡದೆ, ಯೂರಿಯಾ ಮತ್ತು ಅಮೋನಿಯದ ಲವಣಗಳಿಂದಲೇ ಸಾರಜನಕ ಒದಗಿಸಿ, ಹಸುಗಳಿಂದ ಹಾಲು ಪಡೆದ ಪ್ರಯೋಗವನ್ನು ಅವರು 1966ರಲ್ಲಿ ಪ್ರಕಟಿಸಿದರು. ಆ ಹಸುಗಳಿಗೆ ಪಿಷ್ಟ, ಸಕ್ಕರೆ, ನಾರು, ಖನಿಜಗಳನ್ನು ಲೆಕ್ಕ ಹಾಕಿ ಕೊಡುತ್ತಿದ್ದರು.

ಯಾವಾಗ ಎಂಬುದಕ್ಕೆ ಉತ್ತರ: ನಿಧಾನವಾಗಿ. ಯೂರಿಯಾ ಒಡೆಯುವ ವೇಗ ಬಹಳ. ಒಮ್ಮೆಗೇ ಹೆಚ್ಚು ಹೋದರೆ ಬ್ಯಾಕ್ಟೀರಿಯಾ ಬಳಸಲಾಗದಷ್ಟು ಅಮೋನಿಯ ಹುಟ್ಟಿ ರಕ್ತ ಸೇರುತ್ತದೆ. ಅದನ್ನು ನಿರ್ವಿಷಗೊಳಿಸಬೇಕಾದ ಪಿತ್ತಜನಕಾಂಗಕ್ಕೆ ನಿಭಾಯಿಸಲಾಗುವುದಿಲ್ಲ. ಮಗ್ಗುಲು ಮನೆಯ ಎತ್ತಿಗೆ ಆದದ್ದು ಇದೇ. ಆದ್ದರಿಂದ ನೀರಿನಲ್ಲಿ ಕರಗಿಸಿ ಕುಡಿಸಬಾರದು, ಖಾಲಿ ಹೊಟ್ಟೆಯ ದನಕ್ಕೆ ಕೊಡಬಾರದು. ಚೂರು ಚೂರಾಗಿ ಆರಂಭಿಸಿ ಎರಡು ಮೂರು ವಾರಗಳಲ್ಲಿ ರೂಢಿ ಮಾಡಿಸಬೇಕು. ಹಸಿ ಸೋಯಾ ಅವರೆಯಲ್ಲಿ ಯೂರಿಯಾವನ್ನು ಒಡೆಯುವ ಕಿಣ್ವವೇ ಇರುವುದರಿಂದ ಎರಡನ್ನೂ ಬೆರೆಸಬಾರದು. ಅಕಸ್ಮಾತ್ ವಿಷವೇರಿದರೆ ಪಶುವೈದ್ಯರು ತಣ್ಣೀರಿನ ಜತೆ ವಿನೆಗರ್ ಕುಡಿಸಿ ಅಮೋನಿಯದ ವೇಗ ತಗ್ಗಿಸಲು ನೋಡುತ್ತಾರೆ. ಆದರೆ ಅದಕ್ಕೆ ಸಿಗುವ ಸಮಯ ತೀರ ಕಡಿಮೆ.

ಎಷ್ಟು? ದಿನದ ಒಟ್ಟು ಒಣ ಮೇವಿನಲ್ಲಿ ನೂರಕ್ಕೆ ಒಂದು ಪಾಲು ಮೀರಬಾರದು. ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಸಾರಜನಕವನ್ನು 6.25ರಿಂದ ಗುಣಿಸಿದರೆ ಕಚ್ಚಾ ಪ್ರೋಟೀನ್ ಸಿಗುತ್ತದೆ. ಹೀಗೆ 100 ಗ್ರಾಂ ಯೂರಿಯಾ 287 ಗ್ರಾಂ ಪ್ರೋಟೀನಿಗೆ ಸಮ. ಅಷ್ಟು ಪ್ರೋಟೀನಿಗೆ ಸುಮಾರು 650ರಿಂದ 700 ಗ್ರಾಂ ಕಡಲೆಕಾಯಿ ಹಿಂಡಿ ಬೇಕು. ಆಸೆ ಹುಟ್ಟಿಸುವ ಲೆಕ್ಕವಿದು. ಆದರೆ ಈ ಕ್ರಮ ಅಳೆಯುವುದು ಸಾರಜನಕವನ್ನು ಮಾತ್ರ. ಅದು ಹಿಂಡಿಯಿಂದ ಬಂತೋ ಯೂರಿಯಾದಿಂದ ಬಂತೋ ಎಂದು ಹೇಳುವುದಿಲ್ಲ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿ, ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚೆಂದು ತೋರಿಸಿದವರು ಇದೇ ಸಂದನ್ನು ಬಳಸಿಕೊಂಡರು. 2008ರಲ್ಲಿ ಅದು ಬಯಲಾಗುವಷ್ಟರಲ್ಲಿ ಎಳೆಯ ಕೂಸುಗಳು ಸತ್ತಿದ್ದವು. ನಮ್ಮಲ್ಲೂ ಹಾಲಿಗೆ ಯೂರಿಯಾ ಬೆರೆಸುವವರಿದ್ದಾರೆ, ಅದು ಅಪರಾಧ. ಮೇವಿಗೆ ಹದವರಿತು ಸೇರಿಸುವುದು ಬೇರೆಯೇ ವಿಷಯ. ಎಲ್ಲ ಹಾಲಿನಲ್ಲೂ ಸಹಜವಾಗಿಯೇ ಒಂದಿಷ್ಟು ಯೂರಿಯಾ ಇರುತ್ತದೆ. 100 ಮಿಲಿಲೀಟರಿಗೆ 70 ಮಿಲಿಗ್ರಾಂವರೆಗೆ ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ. ಪೇಟೆಯ ತಂದೆತಾಯಿಗಳು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ಡಾಕ್ಟರು ಅಂದು ತೋರಿಸಿದ ಕ್ರಮ ಇನ್ನೂ ಕ್ಷೇಮದ್ದು. 100 ಕೆ.ಜಿ. ಹುಲ್ಲು ತೂಗಿ, 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರು ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಡಬೇಕು. ಒಳಗೆ ಹುಟ್ಟುವ ಅಮೋನಿಯ ಹುಲ್ಲಿನ ಗಡಸು ನಾರನ್ನು ಸಡಿಲಿಸುತ್ತದೆ. ಪ್ರೋಟೀನಿನ ಪ್ರಮಾಣವೂ ಏಳೆಂಟು ಪಾಲಿಗೆ ಏರುತ್ತದೆ. ಅವ್ವ ಒಪ್ಪಿದಳು. ಮೂರು ವಾರದ ನಂತರ ತೆಗೆದ ಹುಲ್ಲು ಕಂದು ಬಣ್ಣಕ್ಕೆ ತಿರುಗಿತ್ತು, ಮೂಗು ಉರಿಯುವಂಥ ವಾಸನೆ. ಗಾಳಿಗೆ ಹರವಿಟ್ಟು ವಾಸನೆ ಹೋದ ಮೇಲೆ ಹಾಕಿದರೂ ಹಸು ಮೊದಲ ದಿನ ಮೂಸಿ ಮುಖ ತಿರುಗಿಸಿತು. ಹಳೆಯ ಹುಲ್ಲಿನೊಂದಿಗೆ ಬೆರೆಸಿ ಬೆರೆಸಿ ಒಂದು ವಾರದಲ್ಲಿ ಒಗ್ಗಿಸಿದೆವು. ಆ ಬೇಸಿಗೆಯಲ್ಲಿ ಹಸು ಸೊರಗಲಿಲ್ಲ, ಹಾಲು ಹೊತ್ತಿಗೆ ಕಾಲು ಲೀಟರು ಹೆಚ್ಚಿತು. ನನ್ನ ಫೀಸು ಸಾಲವಿಲ್ಲದೆ ಕಟ್ಟಿದ್ದು ಆ ವರ್ಷವೇ.

ಎರಡು ವರ್ಷದ ನಂತರ ಅವ್ವ ಇದನ್ನು ನಿಲ್ಲಿಸಿದಳು. ಒಂದೊಂದು ಸಲಕ್ಕೂ ಐವತ್ತು ಲೀಟರು ನೀರನ್ನು ಬೇಸಿಗೆಯಲ್ಲಿ ದೂರದ ಬೋರಿನಿಂದ ಹೊತ್ತು ತರಬೇಕಿತ್ತು. ‘ಹಸೀನ ಹೊಟ್ಟೆ ನೋಡಿದ್ರು ಕಣ್ಲಾ ಮಗ, ನನ್ ಸೊಂಟ ನೋಡ್ನಿಲ್ಲ’ ಎಂದಳು. ದೇಶದ ಅನೇಕ ಕಡೆ ಪ್ರಯೋಗದಲ್ಲಿ ಗೆದ್ದ ಈ ಕ್ರಮ ರೈತರ ಮನೆಗಳಲ್ಲಿ ನೆಲೆ ನಿಲ್ಲಲಿಲ್ಲ. ನೀರು, ಕೂಲಿ, ಪ್ಲಾಸ್ಟಿಕ್ಕಿನ ಖರ್ಚು ಯಾರ ಪಾಲಿಗೆ ಬೀಳುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯೊಂದಿತ್ತು. ಅದನ್ನು ಅವ್ವ ಮಾಡಿ ನೋಡಿ ತಿಳಿದುಕೊಂಡಳು. ಯೂರಿಯಾ, ಕಾಕಂಬಿ, ಖನಿಜಗಳನ್ನು ಸೇರಿಸಿ ಗಟ್ಟಿ ಮಾಡಿದ ನೆಕ್ಕುವ ಇಟ್ಟಿಗೆ ಬಂದ ಮೇಲೆ ನಮ್ಮ ಕೊಟ್ಟಿಗೆಗೂ ಅದು ಬಂತು. ಗಟ್ಟಿ ಇರುವುದರಿಂದ ಹಸು ಒಮ್ಮೆಗೇ ಹೆಚ್ಚು ತಿನ್ನಲಾರದು, ನೆಕ್ಕಿದಷ್ಟೇ ಒಳಗೆ ಹೋಗುತ್ತದೆ. ನೀರು ಹೊರುವ ಕೆಲಸವೂ ಇಲ್ಲ.

ಮನೆಯಲ್ಲಿ ದನ ಕಟ್ಟಿರುವ ವಿದ್ಯಾರ್ಥಿಗಳು ಫೀಡಿನ ಚೀಲದ ಮೇಲಿನ ಬರಹವನ್ನು ಅಪ್ಪ ಅಮ್ಮಂದಿರಿಗೆ ಓದಿ ಹೇಳಿ. ಅದರಲ್ಲಿ ಯೂರಿಯಾ ಆಗಲೇ ಸೇರಿದ್ದರೆ ಮತ್ತೆ ಮನೆಯಲ್ಲಿ ಸೇರಿಸಬಾರದು. ಗದ್ದೆಗೆಂದು ಸಬ್ಸಿಡಿಯಲ್ಲಿ ಸಿಗುವ ಯೂರಿಯಾಕ್ಕೆ 2015ರಿಂದ ಬೇವಿನ ಲೇಪನವಿದೆ. ಅದು ಬೆಳೆಗೆ ಬಂದದ್ದು, ಅದರಿಂದ ಕೈಯಳತೆಯಲ್ಲಿ ಒಂದು ಹಿಡಿ ತೆಗೆದು ಬೂಸಾಕ್ಕೆ ಬೆರೆಸುವುದು ಬೇಡ. ಚೀಲವನ್ನೂ ಎರಚಿದ ಬಾಂಡ್ಲಿಯನ್ನೂ ಕೊಟ್ಟಿಗೆಯಿಂದ ದೂರ ಇಡಿ. ಯಾರಾದರೂ ಹೊಸ ಮೇವಿನ ಸಲಹೆ ಕೊಟ್ಟರೆ ಎಷ್ಟು, ಯಾವಾಗ, ಜತೆಗೆ ಏನು ಎಂದು ಪಶುವೈದ್ಯರನ್ನು ಕೇಳಿ, ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನೀರು ಹೊರುವವರು ಯಾರು ಎಂಬುದನ್ನೂ ಕೇಳಲು ಮರೆಯಬೇಡಿ.