ವ್ಯಾನಿನ ಸದ್ದು, ತಾಯಿಯ ಮೌನ



ವಾಹನದ ಸದ್ದಡಗಿಸುವ ವಿಚಾರವನ್ನು ಮಠದ ಮಾಸಿಕದಲ್ಲಿ ಬರೆಯುವುದುಂಟೆ ಎಂದು ತಾವು ಹುಬ್ಬೇರಿಸಬಹುದು. ಆದರೆ ಒಂದು ಮನೆತನದ ವ್ಯಾನು ನಮಗೆ ಕಲಿಸಿದ ಪಾಠ ಸಣ್ಣದಲ್ಲ. ಅದರಲ್ಲಿ ನಮ್ಮ ತಪ್ಪೂ ಒಂದು ಸೇರಿರುವುದರಿಂದ ಅದನ್ನು ತಮ್ಮ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಮಾನ್ವಿಯ ಸಮೀಪದ ಒಂದು ಒಕ್ಕಲುತನದ ಮನೆತನ. ಆ ಮನೆಯ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದಾರೆ. ಮೊಮ್ಮಕ್ಕಳು ರಾಯಚೂರಿನಲ್ಲಿ ಓದುತ್ತಾರೆ. ಹೀಗಾಗಿ ಈ ಮೂರು ಊರುಗಳ ನಡುವೆ ಅವರ ವ್ಯಾನು ತಿರುಗುತ್ತಲೇ ಇರುತ್ತದೆ. ನಾವೂ ಅನೇಕ ಸಲ ಅದರಲ್ಲಿ ಪ್ರಯಾಣ ಮಾಡಿದ್ದೇವೆ. ಯಜಮಾನರ ತಾಯಿ ಎಂಬತ್ತರ ಆಸುಪಾಸಿನವರು. ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಕುಳಿತರೆಂದರೆ ಊರು ಬರುವವರೆಗೆ ಒಂದು ಮಾತಿಲ್ಲ. ಉಳಿದವರ ಹರಟೆಗೂ ನಗೆಗೂ ಅವರು ಓಗೊಡುತ್ತಿರಲಿಲ್ಲ. ಇದನ್ನು ಕಂಡ ನಾವು ಒಂದು ಸಭೆಯಲ್ಲಿ, ಪ್ರಯಾಣದಲ್ಲಿಯೂ ಮೌನವನ್ನು ಸಾಧಿಸಿದ ತಾಯಿ ಎಂದು ಅವರನ್ನು ಹೊಗಳಿಬಿಟ್ಟೆವು. ಸಭೆ ಮುಗಿದ ಮೇಲೆ ಆ ತಾಯಿ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಯಪ್ಪಾ, ಅದು ಮೌನ ಅಲ್ರೀ. ಗಾಡ್ಯಾಗ ಎಲ್ಲಾರೂ ಬಾಯಿ ಆಡಿಸೋದು ಕಾಣ್ತದ, ಮಾತು ತಿಳಿಯಂಗಿಲ್ಲ. ಎಷ್ಟು ಸಲ ಏನಂದಿ, ಏನಂದಿ ಅಂತ ಕೇಳ್ಲಿ? ಅದಕ್ಕ ಕಣ್ಣು ಮುಚ್ಕೊಂಡು ಕುಂದರ್ತೀನಿ.”

ಆ ಮಾತು ನಮ್ಮನ್ನು ನಾಚಿಸಿತು. ಒಂಟಿತನವನ್ನು ನಾವು ಸಾಧನೆಯೆಂದು ಬಗೆದಿದ್ದೆವು.

ಮಗನಿಗೂ ಇದು ತಿಳಿದಿರಲಿಲ್ಲ. ಅವರು ಎರಡು ದಿನಗಳ ಬಳಿಕ ಬಂದು, “ಅಪ್ಪಾರ, ರಾಯಚೂರಾಗ ಒಬ್ರು ಇಡೀ ವ್ಯಾನಿಗೆ ಸದ್ದಡಗಿಸೋ ಶೀಟ್ ಅಂಟಿಸಿ ಕೊಡ್ತೀನಿ ಅಂದಾರ. ಮಾಡಸ್ಲ್ಯೋ, ಬ್ಯಾಡೋ?” ಎಂದು ಕೇಳಿದರು. ತಗಲುವ ಹಣ ಒಂದು ಮಗುವಿನ ವರ್ಷದ ಶಾಲಾ ಶುಲ್ಕದಷ್ಟಿತ್ತು. ಆದುದರಿಂದ ವಿಚಾರ ಮಾಡದೆ ಹೂಂ ಎನ್ನುವಂತಿರಲಿಲ್ಲ. ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರವನ್ನು ನೆನಪಿಗೆ ತಂದುಕೊಂಡು, ತಿಳಿದವರನ್ನು ಕೇಳಿ, ಅವರೊಡನೆ ಕುಳಿತು ಆಲೋಚಿಸಿದೆವು.

ಮೊದಲು ಸದ್ದಿನ ಮೂಲವನ್ನು ಅರಿಯಬೇಕು. ಇಂಥ ವ್ಯಾನುಗಳಲ್ಲಿ ಎಂಜಿನ್ನು ಮುಂದಿನ ಆಸನದ ಕೆಳಗೇ ಇರುತ್ತದೆ. ಅದರ ಗುಡುಗು ಎಲ್ಲರ ಮಧ್ಯದಲ್ಲಿಯೇ ಹುಟ್ಟುತ್ತದೆ. ಎರಡನೆಯದು ಟಾಯರು ಮತ್ತು ರಸ್ತೆಯ ಸದ್ದು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಸಿದ ರಸ್ತೆ ಬೇಗನೆ ಏರುಪೇರಾಗುತ್ತದೆ. ಮೂರನೆಯದು ಬಾಗಿಲ ಸಂದುಗಳಲ್ಲಿ ನುಗ್ಗುವ ಗಾಳಿ. ನಾಲ್ಕನೆಯದು, ಇವೆಲ್ಲವುಗಳಿಂದ ಅದುರುವ ತೆಳು ತಗಡು.

ಆ ಶೀಟು ಮಾಡುವ ಕೆಲಸವನ್ನು ತಿಳಿಯಲು ಜಾಗಟೆಯನ್ನು ನೆನೆಯಿರಿ. ಬಾರಿಸಿದ ಜಾಗಟೆಯ ಮೇಲೆ ಅಂಗೈ ಇಟ್ಟರೆ ನಾದ ತಟ್ಟನೆ ಅಡಗುತ್ತದೆ. ಅಲ್ಯುಮಿನಿಯಂ ಹೊದಿಕೆಯ ಬ್ಯೂಟೈಲ್ ರಬ್ಬರಿನ ಶೀಟು ತಗಡಿನ ಮೇಲಿಟ್ಟ ಅಂಗೈ ಇದ್ದಂತೆ. ಅಂಗೈ ಇಡೀ ಜಾಗಟೆಯನ್ನು ಮುಚ್ಚಬೇಕಾಗಿಲ್ಲ. ಅಂತೆಯೇ ಅದುರುವ ತಗಡಿನ ಕಾಲು ಭಾಗಕ್ಕೆ ಅಂಟಿಸಿದರೂ ಕಂಪನ ಬಹುಮಟ್ಟಿಗೆ ತಗ್ಗುತ್ತದೆ. ಇಡೀ ವ್ಯಾನಿಗೆ ಅಂಟಿಸಿದರೆ ಹಣದ ಜೊತೆಗೆ ಭಾರವೂ ಏರುತ್ತದೆ; 2 ಮಿಲಿಮೀಟರ್ ದಪ್ಪದ ಶೀಟು ಚದರ ಮೀಟರಿಗೆ ಸುಮಾರು 3ರಿಂದ 4 ಕಿಲೋ ತೂಗುತ್ತದೆ. ಅಗ್ಗವೆಂದು ಡಾಂಬರಿನ ಶೀಟು ಹಾಕಿಸುವುದೂ ಜಾಣತನವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಬಿಸಿಲಿಗೆ ಅದು ಮೆತ್ತಗಾಗಿ ನಾರತೊಡಗುತ್ತದೆ. ಇನ್ನು ಗಾಳಿಯ ಮೂಲಕ ಬರುವ ಸದ್ದಿಗೆ ಈ ಶೀಟು ಮದ್ದಲ್ಲ. ಅದಕ್ಕೆ ಸಂದು ಮುಚ್ಚುವುದೇ ಉಪಾಯ.

ಕಿವಿಯ ವಿಚಾರವನ್ನೂ ಬಿಡುವಂತಿಲ್ಲ. ವಯಸ್ಸಾದಂತೆ ಮೊದಲು ಮಂದವಾಗುವುದು ಮೇಲು ಸ್ಥಾಯಿಯ ಧ್ವನಿಗಳ ಗ್ರಹಣ. ಸಕಾರ, ತಕಾರ ಮೊದಲಾದ ವ್ಯಂಜನಗಳನ್ನು ಗುರುತಿಸುವುದು ಆ ಧ್ವನಿಗಳಿಂದಲೇ. ಆದುದರಿಂದ ವೃದ್ಧರಿಗೆ ದನಿ ಕೇಳಿಸುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಅದರ ಮೇಲೆ ಎಂಜಿನ್ನಿನ ಮೊರೆತ ಕವಿದರೆ ಇದ್ದಷ್ಟೂ ಮುಚ್ಚಿಹೋಗುತ್ತದೆ. ಕಿರುಚಿ ಹೇಳಿದರೂ ಪ್ರಯೋಜನ ಅಲ್ಪ.

ಇಷ್ಟು ವಿಚಾರಿಸಿ, ಶೀಟು ಅಂಟಿಸುವ ಮುನ್ನ ವ್ಯಾನನ್ನು ಮೆಕ್ಯಾನಿಕನಿಗೆ ತೋರಿಸಿರೆಂದು ಸೂಚಿಸಿದೆವು. ಆತ ಒಂದು ಸುತ್ತು ಓಡಿಸಿ ನೋಡಿ, “ಬಲಕ್ಕ ತಿರುಗಿಸಿದ್ರ ಗುಂಯ್ ಅನ್ನೋದು ಜಾಸ್ತಿ ಆಗ್ತದ, ಎಡಗಾಲಿ ಬೇರಿಂಗ್ ಹೋಗೇದ್ರಿ” ಎಂದನಂತೆ. ತಿರುವಿನಲ್ಲಿ ಭಾರವೆಲ್ಲ ಹೊರಮಗ್ಗುಲಿನ ಗಾಲಿಯ ಮೇಲೆ ಬೀಳುವುದರಿಂದ ಸವೆದ ಬೇರಿಂಗು ಆಗ ಹೆಚ್ಚು ಕೂಗುತ್ತದೆ. ತಿಂಗಳುಗಟ್ಟಲೆ ರಸ್ತೆಯ ಸದ್ದೆಂದು ಎಲ್ಲರೂ ತಿಳಿದಿದ್ದದ್ದು ಈ ಬೇರಿಂಗಿನ ಕೂಗಾಗಿತ್ತು! ವಾಚಕರೆ, ಯೋಚಿಸಿರಿ. ಮೊದಲೇ ಶೀಟು ಅಂಟಿಸಿ ಆ ಕೂಗನ್ನು ಅಡಗಿಸಿದ್ದರೆ, ಮಕ್ಕಳು ಮುದುಕರು ತುಂಬಿದ ವ್ಯಾನು ಯಾವ ತಿರುವಿನಲ್ಲಿ ಏನಾಗುತ್ತಿತ್ತೋ. ಎಲ್ಲ ಸದ್ದೂ ಪೀಡೆಯಲ್ಲ; ಕೆಲವು ಎಚ್ಚರಿಕೆಗಳು.

ಬೇರಿಂಗು ಬದಲಾಯಿತು. ಹರಿದ ಬಾಗಿಲ ರಬ್ಬರು ಹೊಸದಾಯಿತು. ಆಸನದಡಿ ಗಲಗಲ ಎನ್ನುತ್ತಿದ್ದ ಜಾಕು, ಪಾನಾಗಳನ್ನು ಅರಿವೆಯಲ್ಲಿ ಸುತ್ತಿ ಕಟ್ಟಿದರು. ಅರ್ಧ ಸದ್ದು ಅಷ್ಟಕ್ಕೇ ಹೋದಂತೆನಿಸಿತು. ಉಳಿದುದಕ್ಕಾಗಿ ಬಾಗಿಲುಗಳಿಗೂ ನೆಲಕ್ಕೂ ಹಿಂಗಾಲಿಗಳ ಮೇಲಿನ ತಗಡಿಗೂ ಮಾತ್ರ ಶೀಟು ಹಾಕಿಸಿದರು. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ತೂತುಗಳನ್ನು ಮುಚ್ಚಬಾರದು, ಮುಚ್ಚಿದರೆ ತಗಡು ತುಕ್ಕು ಹಿಡಿಯುವುದೆಂದು ಎಚ್ಚರಿಸಿದ್ದೆವು. ಎಲ್ಲ ಸೇರಿ ಮೊದಲು ಹೇಳಿದ ಹಣದ ಅರ್ಧವೂ ಆಗಲಿಲ್ಲ. ಉಳಿದ ಹಣದಲ್ಲಿ ತಾಯಿಯ ಕಿವಿಯನ್ನು ವೈದ್ಯರಿಗೆ ತೋರಿಸಿದರು. ಎಲ್ಲಕ್ಕಿಂತ ಸುಲಭವಾದ ಪರಿಹಾರಕ್ಕೆ ಕಾಸೂ ಬೇಕಾಗಲಿಲ್ಲ: ತಾಯಿಯನ್ನು ಹಿಂದಿನ ಆಸನದಿಂದ ಕರೆದು, ಮೊಮ್ಮಗಳ ಪಕ್ಕದಲ್ಲಿ, ಮುಖ ಕಾಣುವಂತೆ ಕೂಡಿಸಿಕೊಂಡರು.

ಕಳೆದ ಸುಗ್ಗಿಯಲ್ಲಿ ಆ ವ್ಯಾನಿನಲ್ಲಿಯೇ ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋದೆವು. ವ್ಯಾನು ನಿಶ್ಶಬ್ದವಾಗಿತ್ತೆಂದು ಹೇಳಲಾರೆವು. ಹಾಗಾಗಬೇಕಾಗಿಯೂ ಇರಲಿಲ್ಲ, ಹಿಂದಿನ ಲಾರಿಯ ಹಾರನ್ನು ನಡೆಸುವವರಿಗೆ ಕೇಳಲೇಬೇಕು. ದಾರಿಯಲ್ಲಿ ನೆಲ್ಲಿನ ಗದ್ದೆಗಳನ್ನು ನೋಡುತ್ತ ಮೊಮ್ಮಗಳು ಏನೋ ಕೇಳಿದಳು. ಆ ತಾಯಿ, “ಕೆನಾಲ್ ಬರಾಕ ಮೊದ್ಲ ಇಲ್ಲೆಲ್ಲಾ ಬಿಳಿಜ್ವಾಳ ಇತ್ತವ್ವ” ಎಂದು ಆರಂಭಿಸಿದವರು ದೇವದುರ್ಗ ಬರುವವರೆಗೆ ನಿಲ್ಲಿಸಲಿಲ್ಲ. ಮಗನೇ ಕೇಳದಿದ್ದ ಎಷ್ಟೋ ಸಂಗತಿಗಳು ಅಂದು ಹೊರಬಂದವು. ನಾವು ಬಾಯಿ ಮುಚ್ಚಿ ಕೇಳುತ್ತ ಕುಳಿತೆವು.

ತಮ್ಮ ಮನೆಗಳಲ್ಲಿಯೂ ಸುಮ್ಮನೆ ಕುಳಿತ ಹಿರಿಯರಿರಬಹುದು. ಅವರ ಮೌನವನ್ನು ಹೊಗಳುವ ಮುನ್ನ, ಹತ್ತಿರ ಹೋಗಿ, “ನಮ್ಮ ಮಾತು ನಿಮಗೆ ಕೇಳುತ್ತಿದೆಯೆ?” ಎಂದು ಒಮ್ಮೆ ಕೇಳಿರಿ. ನಾವು ಕೇಳಲು ತಡಮಾಡಿದೆವು, ತಾವು ತಡಮಾಡಬೇಡಿರಿ.