ನಮ್ಮ ಮನೆಯ ಗಾಜಿನ ಹಲಗೆ

ಟ್ಯಾಬ್ಲೆಟ್ ಕೊಳ್ಳುವ ಮಾತು ಬಂದಾಗ ನಮ್ಮ ತಾಯಿಯವರು, "ಇರುವ ಮಾತ್ರೆಗಳನ್ನೇ ನುಂಗಿ ಮುಗಿಸಲಾಗುತ್ತಿಲ್ಲ, ಇನ್ನೊಂದು ಯಾಕಪ್ಪ?" ಎಂದರು. ಇದು ನುಂಗುವುದಲ್ಲ, ಓದುವುದು ಎಂದು ನಾವು ಸಮಜಾಯಿಷಿ ಹೇಳಬೇಕಾಯಿತು.

ಪುರಸೈವಾಕ್ಕಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಪುರಸು ಎಂದರೆ ನಮ್ಮ ಮುತ್ತುಗ. ಆ ಮರದಿಂದಲೇ ಈ ಸ್ಥಳಕ್ಕೆ ಹೆಸರು ಬಂದಿತೆನ್ನುತ್ತಾರೆ. ಮುತ್ತುಗದೆಲೆಯಲ್ಲಿ ಉಂಡವರು ಮುತ್ತುಗದ ಊರಿಗೇ ಬಂದೆವೆಂದು ತಾಯಿಯವರು ಸಮಾಧಾನ ತಂದುಕೊಂಡರು. ಗಂಗಾಧರೇಶ್ವರನ ಗುಡಿಯೂ ಹತ್ತಿರ. ಹೈರೋಡಿನಲ್ಲಿ ಸೀರೆಯಿಂದ ಸೌಟಿನವರೆಗೆ ಏನು ಬೇಕೆಂದರೂ ಉಂಟು. ನಮಗೆ ಕಂಡಂತೆ ಕನ್ನಡ ಪುಸ್ತಕ ಮಾತ್ರ ಇಲ್ಲ.

ತಾಯಿಯವರಿಗೆ ಈಗ ಎಂಬತ್ತು. ಕಣ್ಣಿನ ಪೊರೆ ತೆಗೆಸಿದೆವು. ಒಳಗಿನ ಅಕ್ಷಿಪಟವೂ ಸವೆದಿದೆಯೆಂದು ವೈದ್ಯರು ಹೇಳಿದರು. ಅವರಿಗೆ ಪ್ರಿಯವಾದದ್ದು 'ಕೊರವಂಜಿ'. ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು, 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ನಗೆಪತ್ರಿಕೆ ಅದು. ತುಮಕೂರಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣಂದಿರ ಕೈಯಿಂದ ಕಿತ್ತುಕೊಂಡು ಓದುತ್ತಿದ್ದರಂತೆ. ಹಳೆಯ ಸಂಚಿಕೆಗಳನ್ನು ಯಾರೋ ಪುಣ್ಯಾತ್ಮರು ಪುಟಪುಟವಾಗಿ ಚಿತ್ರ ತೆಗೆದು ಜಾಲಕ್ಕೆ ಏರಿಸಿದ್ದಾರೆ. ಮೊದಲು ಫೋನಿನಲ್ಲಿ ತೋರಿಸಿದೆವು. ಪುಟವೇ ಚಿತ್ರವಾದ್ದರಿಂದ ಅಕ್ಷರ ಹಿಗ್ಗಿಸಿದರೆ ಸಾಲು ಅಂಚಿನಾಚೆ ಓಡಿಹೋಗುತ್ತದೆ. ಒಂದು ಸಾಲಿಗೆ ಮೂರು ಸಲ ಎಡಕ್ಕೂ ಬಲಕ್ಕೂ ಎಳೆಯಬೇಕು. ಅಷ್ಟರಲ್ಲಿ ನಗೆಯೆಲ್ಲ ಸೋರಿಹೋಗುತ್ತದೆ.

ಆದ್ದರಿಂದ 11 ಅಂಗುಲದ್ದು ಬಂತು. ಬಲು ಬೆಲೆಯದೂ ಅಲ್ಲ, ತೀರ ಅಗ್ಗವೂ ಅಲ್ಲ. ನಮ್ಮಂತೆಯೇ ಮಧ್ಯಮ ವರ್ಗ. ತೂಕ ಅರ್ಧ ಕಿಲೋ. ಕೈಯಲ್ಲಿ ಹಿಡಿದರೆ ತಾಯಿಯವರ ಮಣಿಕಟ್ಟು ನೋಯುತ್ತದೆಂದು, ಅಟ್ಟದಲ್ಲಿದ್ದ ವ್ಯಾಸಪೀಠವನ್ನು ಇಳಿಸಿ ಅದರ ಮೇಲಿಟ್ಟೆವು. ನಮ್ಮ ಅಜ್ಜನವರು ರಾಮಾಯಣ ಪಾರಾಯಣ ಮಾಡಿದ ಪೀಠ! ಅದಕ್ಕೆ ಅಳತೆ ತೆಗೆದು ಮಾಡಿಸಿದಂತೆ ಕುಳಿತಿತು.

ಅದರ ದೋಷಗಳನ್ನೂ ಹೇಳಿಬಿಡುತ್ತೇವೆ. ಬಾಲ್ಕನಿಗೆ ಒಯ್ದರೆ ಮದರಾಸಿನ ಬಿಸಿಲಿನಲ್ಲಿ ಅಕ್ಷರದ ಬದಲು ನಮ್ಮ ಮುಖವೇ ಕಾಣುತ್ತದೆ. ಚಾರ್ಜು ತುಂಬಲು ಅರ್ಧ ದಿನ ಬೇಕೇನೋ ಎನಿಸುತ್ತದೆ. ಕ್ಯಾಮರಾ ಹೆಸರಿಗೆ ಮಾತ್ರ.

ಆರು ತಿಂಗಳು ಸುಖವಾಗಿ ನಡೆಯಿತು. ಬಳಿಕ ದೊಡ್ಡ ಅಕ್ಷರವೂ ಹತ್ತು ನಿಮಿಷಕ್ಕೆ ಮಸುಕಾಗತೊಡಗಿತು. ಯಂತ್ರಕ್ಕೆ ಕನ್ನಡವನ್ನು ಗಟ್ಟಿಯಾಗಿ ಓದುವ ಕಂಠವುಂಟು. ಅಚ್ಚಿನ ಚಿತ್ರದ ಮುಂದೆ ಮಾತ್ರ ಅದು ಮೂಕ. ಚಿತ್ರದಿಂದ ಅಕ್ಷರ ಬಿಡಿಸುವ ಉಪಾಯ ಮಾಡಿ ನೋಡಿದೆವು. ಹಳೆಯ ಮೊಳೆಯ ಒತ್ತಕ್ಷರಗಳನ್ನೆಲ್ಲ ನುಂಗಿ ಏನೋ ಒದರಿತು. "ಇದು ಕೊರವಂಜಿ ಅಲ್ಲ, ಜ್ವರದ ಬಡಬಡಿಕೆ," ಎಂದು ತಾಯಿಯವರು ಮುಖ ತಿರುಗಿಸಿದರು. ಹಗಲೆಲ್ಲ ನಾವಿಬ್ಬರೂ ಆಫೀಸಿನಲ್ಲಿ. ಮನೆಯಲ್ಲಿರುವವಳು ಹನ್ನೊಂದು ವರ್ಷದ ಮಗಳು. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಕನ್ನಡ ಆಡುತ್ತಾಳೆ, ಓದಲಾರಳು. ಕಲಿಸಲಿಲ್ಲವೇ ಎಂದು ಕೇಳಬೇಡಿ. ಬೇಸಿಗೆ ರಜೆಗೆ, ಬೇಸಿಗೆ ರಜೆಗೆ ಎಂದು ಮುಂದೂಡಿದವರು ನಾವೇ.

ಒಂದು ಸಂಜೆ ಬಂದು ನೋಡಿದರೆ ವ್ಯಾಸಪೀಠದ ಮುಂದೆ ಅಜ್ಜಿಯೂ ಮೊಮ್ಮಗಳೂ ಕುಳಿತಿದ್ದಾರೆ. ಗಾಜಿನ ಮೇಲೆ ಬೆರಳಿನಿಂದ ಗೀಚಿದರೆ ಮೇಲೆ ಅಚ್ಚಿನ ಅಕ್ಷರ ಮೂಡುತ್ತದಷ್ಟೆ. ಅಜ್ಜಿ ಅದನ್ನೇ ಸ್ಲೇಟು ಮಾಡಿಕೊಂಡಿದ್ದರು. ಹುಡುಗಿ 'ಮ' ಬರೆದರೆ ಅದು 'ವ' ಎಂದು ತೋರಿಸಿತು. "ಅದಕ್ಕೇನು ಗೊತ್ತು ಅಜ್ಜಿ, ನಾನು ಸರಿಯಾಗೇ ಬರೆದೆ!" "ಕೊಂಬು ಎಲ್ಲೇ? ಸುತ್ತಿ ಮೇಲಕ್ಕೆ ಎತ್ತು, ಪುಟ್ಟಿ." ಮುನ್ನೂರು ಸಲ ಬರೆದರೂ ಸೀಮೆಸುಣ್ಣ ಸವೆಯದ ಸ್ಲೇಟು.

ಈಗ ಅವಳು ಓದುತ್ತಾಳೆ. 'ಳ'ವನ್ನು 'ಲ' ಮಾಡುತ್ತಾಳೆ, ಒತ್ತಕ್ಷರದ ಬಳಿ ಬಂಡಿ ನಿಲ್ಲುತ್ತದೆ. ಅಜ್ಜಿಗೆ ನಗೆಹನಿ ಬಾಯಿಪಾಠ. ಅವಳು ಪೂರೈಸುವ ಮೊದಲೇ ನಗತೊಡಗುತ್ತಾರೆ. ನಿನ್ನೆ ರಾತ್ರಿಯೂ ಹೀಗೆಯೇ ನಡೆದಿತ್ತು.

"ಅಜ್ಜಿ, ಚಾರ್ಜು ಮೂರೇ ಪರ್ಸೆಂಟು."

"ಹಾಗಾದರೆ ಬೇಗ ಓದೇ!"